ಮುನೆಂಕಟಮ್ಮನ ಎರಡನೆಯ ಒಲೆ

ಬಾಗಿಲಿಗೆ ಯಾರೇ ಬರಲಿ, ಮುನೆಂಕಟಮ್ಮ ಮುಖ ನೋಡುತ್ತಿದ್ದುದು ಆಮೇಲೆ. ಮೊದಲು ಕುತ್ತಿಗೆಯಿಂದ ಹೊಟ್ಟೆಯವರೆಗೆ ಒಂದು ನೋಟ. ಅಷ್ಟರಲ್ಲಿ ಅವಳ ಕೈಗೆ ಗೊತ್ತಾಗಿಬಿಡುತ್ತಿತ್ತು, ಈ ಜೀವಕ್ಕೆ ಎಷ್ಟು ದಪ್ಪದ ಮುದ್ದೆ ಬೇಕೆಂದು. ಹಾಲಿನ ಡೇರಿಯವನಿಗೆ ಒಂದೂವರೆ, ಕರೆಂಟು ಬಿಲ್ಲು ತರುವವನಿಗೆ ಒಂದು, ಬಾಣಂತನಕ್ಕೆ ಬಂದ ಪಕ್ಕದ ಮನೆಯ ಹುಡುಗಿಗೆ ಎರಡು. ತಟ್ಟೆಯಲ್ಲಿ ಚೂರು ಉಳಿದದ್ದನ್ನಾಗಲಿ, ಯಾರಾದರೂ ಇನ್ನೊಂದು ಚೂರು ಕೇಳಿದ್ದನ್ನಾಗಲಿ ನಾನು ಕಾಣಲಿಲ್ಲ. ನಾನು ಮೊದಲ ಸಲ ಹೆಗಲಿಗೆ ಚೀಲ, ಕೈಯಲ್ಲಿ ನೋಟ್‌ಬುಕ್ಕು ಹಿಡಿದುಕೊಂಡು ಹೋಗಿ ನಿಂತಾಗಲೂ ಹಾಗೇ ನೋಡಿದಳು.

"ನಿಂಗೆ ಅರ್ಧ ಸಾಕು. ಆದ್ರೆ ಸಾರಿನ ರುಚಿ ಕಂಡ್ಮೇಲೆ ಇನ್ನೊಂಚೂರು ಬೇಕು ಅಂತೀಯ. ಮುಕ್ಕಾಲು ಇಕ್ತೀನಿ, ಬಾ, ಕೂತ್ಕೊ."

"ನಂದು ಊಟ ಆಯ್ತು ಅಮ್ಮ" ಅಂದೆ. ಆಗಿರಲಿಲ್ಲ.

"ಸುಳ್ಳೇಳ್ಬೇಡ. ತಿಂದಿರೋ ಮುಖಾನಾ ಇದು?"

ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ, ಅದು ನನ್ನ ದೊಡ್ಡ ದುರ್ಗುಣ. ಬೇಕೆಂದೇ ಕಾಲುಭಾಗ ಬಿಡೋಣ ಎಂದುಕೊಂಡು ಕೂತೆ. ಅವರೆಕಾಳಿನ ಹುಳಿ. ಮುಕ್ಕಾಲು ಮುದ್ದೆ ಖಾಲಿಯಾಯಿತು, ಅದಕ್ಕಿಂತ ಹೆಚ್ಚೂ ಬೇಕಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಕೈ ತೊಳೆಯಲು ನೀರು ಹಾಕುತ್ತಾ ಅವಳು ನಕ್ಕಳು. ಅವತ್ತಿನಿಂದ ನಾನೂ ಅವಳನ್ನು ಅವಳ ಮೈದುನನ ಮಗಳ ಹಾಗೆ ದೊಡ್ಡಮ್ಮ ಎಂದೇ ಕರೆಯಲು ಶುರುಮಾಡಿದೆ.

ನಾನು ಹುಟ್ಟಿ ಬೆಳೆದದ್ದು ಬಂಗಾರಪೇಟೆಯಲ್ಲಿ. ಓದಿದ್ದು ಮಾನವಶಾಸ್ತ್ರ. ಜನ ಹೇಗೆ ಬದುಕುತ್ತಾರೆ ಎಂದು ಅವರ ನಡುವೆಯೇ ಇದ್ದು ನೋಡಿ, ಕೇಳಿ, ಬರೆದುಕೊಳ್ಳುವ ಕೆಲಸ. ಕೊರೋನಾ ಬಂದು ರೈಲು ನಿಂತು, ಬೆಂಗಳೂರಿಗೆ ಕೂಲಿಗೆ ಹೋಗುತ್ತಿದ್ದವರೆಲ್ಲ ಮನೆಯಲ್ಲಿ ಕೂತಿದ್ದ ಕಾಲ ಅದು. ಕಷ್ಟಕಾಲದಲ್ಲಿ ಹೊರಗಿನಿಂದ ಬರುವ ನೆರವು ಜನರ ದಿನದಿನದ ಬದುಕನ್ನು ಏನು ಮಾಡುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ಕ್ಯಾಸಂಬಳ್ಳಿಯಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿ ಆರಿಸಿಕೊಂಡೆ. ಊರಿನ ಹೆಸರು ಬರೆಯಬಾರದೆಂಬುದು ನಮ್ಮ ವೃತ್ತಿಯ ನಿಯಮ, ಈಗಲೂ ಬರೆಯುವುದಿಲ್ಲ. ದಿನಸಿ ಕಿಟ್ ಹಂಚುವ ಒಂದು ಸಂಸ್ಥೆಯವರ ಗಾಡಿಯಲ್ಲಿ, ಅವರದೇ ಪಾಸಿನಲ್ಲಿ ಮೊದಲು ಹೋದೆ. ಓಡಾಟ ಸಡಿಲವಾದ ಮೇಲೆ ನನ್ನ ಸ್ಕೂಟರಿನಲ್ಲಿ.

ದೊಡ್ಡಮ್ಮನ ಗಂಡ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ನೆಲದೊಳಗೆ ಇಳಿದು ಕೆಲಸ ಮಾಡುತ್ತಿದ್ದವನು. ಮದುವೆಯಾದ ಹೊಸತರಲ್ಲಿ ಊರಿಗಾಂನಲ್ಲಿ ಗಣಿಯವರಿಗೆಂದು ಕಟ್ಟಿದ್ದ ಕೂಲಿ ಲೈನಿನ ಒಂದು ಕೋಣೆಯಲ್ಲಿ ಸಂಸಾರ. ಅಕ್ಕಪಕ್ಕದವರೆಲ್ಲ ತಮಿಳರು. ಅಲ್ಲಿ ಕಲಿತ ತಮಿಳಿನಲ್ಲೇ ಅವಳು ಕೊನೆಯವರೆಗೂ ಕೋಳಿಗಳನ್ನು ಬೈಯುತ್ತಿದ್ದಳು. ಹಸುಗಳಿಗೆ ತೆಲುಗು. ಮನುಷ್ಯರಿಗೆ ಕನ್ನಡ. ಗಣಿ ಮುಚ್ಚಿದ ಮೇಲೆ ಗಂಡಹೆಂಡಿರು ಹಳ್ಳಿಯ ಮನೆಗೆ, ಮೈದುನನ ಜೊತೆಗೆ ವಾಪಸು ಬಂದರು. ಗಂಡ ಕೆಮ್ಮಿ ಕೆಮ್ಮಿ ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಉಳಿದವರು ನಾಲ್ಕೇ ಜನ: ದೊಡ್ಡಮ್ಮ, ಮೈದುನ ವೆಂಕಟೇಶಪ್ಪ, ಅವನ ಹೆಂಡತಿ ಪದ್ಮ, ಅವರ ಮಗಳು ಚೈತ್ರ. ಚೈತ್ರ ಹುಟ್ಟಿದಾಗ ಪದ್ಮ ಎದ್ದು ಓಡಾಡಲಾರದಷ್ಟು ಕಾಯಿಲೆ ಬಿದ್ದಿದ್ದಳಂತೆ. ಕೂಸು ಬೆಳೆದದ್ದು ದೊಡ್ಡಮ್ಮನ ಮಡಿಲಲ್ಲಿ. ಹೆಚ್ಚೂಕಡಿಮೆ ಇಪ್ಪತ್ತು ವರ್ಷ ಆ ಮನೆಗೆ ಒಂದೇ ಒಲೆ. ಗ್ಯಾಸಿತ್ತು, ಅದು ಟೀಗೆ. ಮುದ್ದೆ, ಸಾರು ಸೌದೆ ಒಲೆಯ ಮೇಲೇ ಆಗಬೇಕು.

"ಪದ್ಮಿ ಅಸ ನೋಡ್ಕೊತಾಳೆ, ನಾನು ಒಟ್ಟೆ ನೋಡ್ಕೊತೀನಿ" ಅನ್ನುತ್ತಿದ್ದಳು ದೊಡ್ಡಮ್ಮ. ಆ ಮನೆಯ ಕೆಲಸದ ಹಂಚಿಕೆ ಅಷ್ಟೇ. ಎರಡು ಹಸುಗಳ ಹಾಲು ಕರೆದು ಡೇರಿಗೆ ಹಾಕುವುದು ಪದ್ಮನ ಪಾಲು. ಒಲೆ ದೊಡ್ಡಮ್ಮನದು.

ನನ್ನನ್ನು ಅವಳು ಗೋಳು ಹೊಯ್ದುಕೊಂಡದ್ದಕ್ಕೆ ಲೆಕ್ಕವಿಲ್ಲ. ಹೊರಗಿನಿಂದ ಬರುವವರಲ್ಲಿ ಮೂರು ಜಾತಿ ಎಂದು ಅವಳು ವಿಂಗಡಿಸಿದ್ದಳು. "ಕೊಡೋರು, ಬರ್ಕೊಳೋರು, ಫೋಟೋ ಇಡಿಯೋರು. ಮೈನ್ಸು ಮುಚ್ಚಿದಾಗ್ಲೂ ಇಂಗೇ ಬಂದಿದ್ರು ಕಣಮ್ಮ, ಊರಿಗಾಂ ಲೈನಿಗೆ. ಕೊಡೋರು ಒಂದ್ಸಲ ಬತ್ತಾರೆ. ಫೋಟೋದೋರು ಎರಡ್ಸಲ. ಈ ಬರ್ಕೊಳೋರು ಇದಾರಲ್ಲ, ಅವ್ರು ಓಗೋದೇ ಇಲ್ಲ!" ಎಂದು ನನ್ನ ಕಡೆ ಗದ್ದ ಎತ್ತುವಳು. ನಾನು ಪೆನ್ನು ತೆಗೆದರೆ ಸಾಕು, "ಬರ್ಕೊ, ಬರ್ಕೊ, ಮುನೆಂಕಟಮ್ಮ ಕೆಮ್ಮಿದಳು ಅಂತ ಬರ್ಕೊ" ಎಂದು ಕೆಮ್ಮುವಳು. ನಾನು ಮುಖ ಊದಿಸಿಕೊಂಡರೆ ಒಂದು ಲೋಟ ಮಜ್ಜಿಗೆ ತಂದು ಮುಂದೆ ಕುಕ್ಕುವಳು.

ಇಷ್ಟು ಹೇಳಿದ ಮೇಲೆ ನನ್ನ ಪಾಪದ ಕಥೆ ಹೇಳಬೇಕು.

ಕಿಟ್ ಹಂಚುವ ಮೊದಲು ಸಂಸ್ಥೆಯವರಿಗೆ ಒಂದು ಸಮಸ್ಯೆ ಬಂತು. ಮನೆಗೊಂದು ಕಿಟ್ ಎಂದರೆ ಮನೆ ಎಂದರೇನು? ಒಂದೇ ಸೂರಿನಡಿ ಅಣ್ಣತಮ್ಮಂದಿರ ಮೂರು ಸಂಸಾರ ಇರುತ್ತದೆ, ರೇಷನ್ ಕಾರ್ಡು ಕೆಲವರಿಗೆ ಇದೆ, ಕೆಲವರಿಗಿಲ್ಲ. ಗಾಡಿಯಲ್ಲಿ ಕೂತಿದ್ದ ನಾನು ದೊಡ್ಡ ಪಂಡಿತೆಯ ಹಾಗೆ ಹೇಳಿದೆ: "ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿನ್ನುವವರು ಒಂದು ಕುಟುಂಬ." ನಮ್ಮ ಪಾಠದ ಮೊದಲ ವರ್ಷದಲ್ಲೇ ಕಲಿಸುವ ಮಾತು. ಅವರಿಗೆ ತುಂಬಾ ಹಿಡಿಸಿತು. ಊರಿನ ಒಲೆಗಳನ್ನೆಲ್ಲ ಎಣಿಸಿ ನನ್ನ ಕೆಲಸಕ್ಕೆಂದು ಒಂದು ಪಟ್ಟಿ ಮಾಡಿಕೊಂಡಿದ್ದೆ, ಅದನ್ನೂ ಕೊಟ್ಟೆ. ದೊಡ್ಡಮ್ಮನ ಮನೆ ಅದರಲ್ಲಿ ಹದಿನೇಳನೆಯದು. ಒಂದು ಒಲೆಗೆ ಒಂದು ಕಿಟ್ ಎಂದು ಊರಲ್ಲಿ ಸಾರಿದರು.

ಮಾರನೆಯ ದಿನ ದೊಡ್ಡಮ್ಮ ನನ್ನನ್ನು ಹಿಡಿದು ಕೂರಿಸಿದಳು.

"ಅಲ್ಲಮ್ಮಣ್ಣಿ, ಮೂಲೆಮನೇಲಿ ಗಂಡ ಎಂಡ್ತಿ ಇಬ್ರೇ. ಅವ್ರಿಗೂ ಒಂದು. ನಾವು ನಾಲ್ಕು ಜನ, ದುಡಿಯೋನೂ ಮನೇಲಿ ಕೂತವ್ನೆ. ನಮ್ಗೂ ಒಂದೇನಾ?"

"ನಿಯಮ ಹಾಗಿದೆ ದೊಡ್ಡಮ್ಮ."

"ಯಾವ ಬೆಪ್ಪುತಕ್ಕಡಿ ಮಾಡಿದ್ದು ಆ ನಿಯಮ?"

ನಾನು ನೋಟ್‌ಬುಕ್ಕಿನ ಹಾಳೆ ತಿರುವಿದೆ.

ಅವಳು ಕಾಲುಬೆರಳು ಹಿಸುಕುತ್ತಾ, "ಲೇ ಪದ್ಮೀ, ಬಾ ಇಲ್ಲಿ" ಎಂದು ಕೂಗಿದಳು. ಕೊಟ್ಟಿಗೆಗೆ ಅಂಟಿಕೊಂಡಂತೆ ಸೌದೆ ಒಟ್ಟುವ ಒಂದು ಕೋಣೆಯಿತ್ತು. ಅದರಲ್ಲಿ ಮೂರು ಕಲ್ಲು ಇಟ್ಟು ತಾನೊಂದು ಒಲೆ ಹೂಡುವುದು, ತಾನು ಬೇರೆ ಎಂದು ಬರೆಸುವುದು, ಬಂದ ಕಿಟ್ಟನ್ನು ಒಳಮನೆಗೇ ಸುರಿಯುವುದು. ಪದ್ಮ ಮೊದಲು ಹೆದರಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಆ ಸೀಮೆಯಲ್ಲಿ ಒಲೆ ಬೇರೆ ಮಾಡುವುದು ಸಣ್ಣ ಮಾತಲ್ಲ. ಪಾಲಾಗುವಾಗ ಹೊಸ ಒಲೆಗೆ ಕಡ್ಡಿ ಗೀರಬಾರದು. ಹಳೆಯ ಒಲೆಯಿಂದ, ಆ ಮನೆಯಲ್ಲೇ ಉಳಿಯುವ ಹೆಂಗಸು ತನ್ನ ಕೈಯಾರೆ ಕೆಂಡ ತೆಗೆದುಕೊಡಬೇಕು. ಬೆಂಕಿಪೊಟ್ಟಣದಲ್ಲಿ ಹಚ್ಚಿದರಾಗದೇ, ಇದು ಸುಳ್ಳು ಒಲೆಯಲ್ಲವೇ ಎಂದು ನಾನು ಕೇಳಿದೆ. "ನಾಳೆ ಊರೋರು ಎಂಗೆ ಅಚ್ಚಿದ್ರಿ ಅಂತ ಕೇಳ್ತಾರೆ. ಕಡ್ಡಿ ಗೀರಿದ್ವಿ ಅಂದ್ರೆ ನಂಬ್ತಾರಾ?" ಅಂದಳು ದೊಡ್ಡಮ್ಮ. ಪದ್ಮ ಕಬ್ಬಿಣದ ಸೌಟಿನಲ್ಲಿ ಕೆಂಡ ತಂದಳು. ಹಾಗೆ ಕೊಡುವಾಗ ಆಡಬೇಕಾದ ಮಾತನ್ನೂ ನಗು ತಡೆದುಕೊಂಡು ಆಡಿದಳು: "ಚೆನ್ನಾಗಿ ಬಾಳಿ ಅಕ್ಕ." ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹದಿನೇಳು, ಹದಿನೇಳು ಎ. ನೆರವಿಗಾಗಿ ಜನ ಹೇಗೆ ಕುಟುಂಬವನ್ನೇ ನಟಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ? ಮೈಯೆಲ್ಲ ಪುಳಕ. ಎಂಥ ಮೂರ್ಖಳು ನಾನು!

ಸಂಸ್ಥೆಯಿಂದ ತಪಾಸಣೆಗೆ ಇಬ್ಬರು ಹುಡುಗರು ಬರುತ್ತಿದ್ದರು. ಕೆಟ್ಟವರಲ್ಲ. ಪಟ್ಟಿಯಲ್ಲಿದ್ದ ಒಲೆಗಳ ಫೋಟೋ ತೆಗೆಯುವುದು, ಬೂದಿ ಮುಟ್ಟಿ ಬಿಸಿಯಿದೆಯಾ ನೋಡುವುದು ಅವರ ಕೆಲಸ. ಯಾವಾಗ ಬರುತ್ತಾರೆಂದು ಮೊದಲೇ ಹೇಳುತ್ತಿರಲಿಲ್ಲ. ಅದಕ್ಕೇ ದೊಡ್ಡಮ್ಮ ನಿಜವಾಗಿಯೂ ಸೌದೆಕೋಣೆಯಲ್ಲಿ ದಿನಾ ಬೇಯಿಸಿಕೊಳ್ಳಬೇಕಾಯಿತು. ಮೊದಲ ಸಲ ಬಂದವರು ಪದ್ಮನನ್ನು ಕೇಳಿದರು: ಅವರು ನಿಮ್ಮಲ್ಲೇ ಊಟ ಮಾಡ್ತಾರಾ? "ಇಲ್ಲ ಸಾರ್, ಅವ್ರು ಬೇರೆ, ನಾವು ಬೇರೆ" ಅಂದಳು ಪದ್ಮ, ಕಲಿಸಿದ ಗಿಣಿಯ ಹಾಗೆ. ಅವರು ಬೈಕು ಹತ್ತಿ ಹೋದದ್ದೇ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಎರಡನೆಯ ಸಲ ಬಂದವರು ಯಾಕೆ ಬೇರೆಯಾದಿರಿ ಎಂದು ಕೇಳಿದರು. ಈ ಪ್ರಶ್ನೆಗೆ ಯಾರೂ ಉತ್ತರ ತಯಾರು ಮಾಡಿರಲಿಲ್ಲ. ಪದ್ಮ ಒಂದು ಗಳಿಗೆ ತಡವರಿಸಿದಳು. ಆಮೇಲೆ ಮಾತು ಸರಾಗವಾಗಿ ಬಂತು.

"ಅವ್ರಿಗೂ ನಮ್ಗೂ ಆಗಲ್ಲ ಸಾರ್. ಅವ್ರದ್ದು ಬಾಯಿ ಜೋರು. ಒಲೆ ಮುಂದೆ ಯಾರೂ ಬರಂಗಿಲ್ಲ, ಉಪ್ಪು ನಾವು ಮುಟ್ಟಂಗಿಲ್ಲ. ಎಲ್ಲಾ ಅವ್ರು ಏಳ್ದಂಗೇ ನಡೀಬೇಕು. ನನ್ ಮಗಳು ಕೂಡ ಅವ್ರದ್ದೇ ಮಾತು ಕೇಳೋದು."

ದೊಡ್ಡಮ್ಮ ಸೌದೆಕೋಣೆಯಲ್ಲಿ ಊದುಕೊಳವೆ ಹಿಡಿದು ಕೂತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ಹುಡುಗರು ಹೋದರು. ಪದ್ಮ ನಗುತ್ತಾ ಬಂದು, "ಎಂಗಿತ್ತು ಅಕ್ಕ?" ಎಂದು ಕೇಳಿದಳು. ದೊಡ್ಡಮ್ಮನೂ ನಕ್ಕಳು. ಪದ್ಮ ಡೇರಿಗೆ ಹೊರಟ ಮೇಲೆ ನನ್ನ ಕಡೆ ತಿರುಗಿದಳು.

"ಅಷ್ಟು ಚೆನ್ನಾಗಿ ಎಂಗೆ ಬಂತಮ್ಮ ಅವ್ಳ ಬಾಯಿಗೆ ಆ ಮಾತು?"

"ಸುಮ್ನೆ ಹೇಳಿದ್ದು ದೊಡ್ಡಮ್ಮ. ನಾಟಕ ಅಲ್ವಾ?"

"ನಾಟ್ಕ ಅಂತ ನಂಗೂ ಗೊತ್ತು. ಆದ್ರೂ."

ಅವತ್ತು ಅವಳು ತನ್ನ ಚಾಪೆ, ದಿಂಬು ಸೌದೆಕೋಣೆಗೆ ತಂದುಕೊಂಡಳು. ತಪಾಸಣೆಯವರು ಬಂದಾಗ ಹಾಸಿಗೆಯೂ ಕಾಣಲಿ ಅಂತ, ಅಂದಳು. ನಾನು ಅದನ್ನೂ ಬರೆದುಕೊಂಡೆ.

ಮೂರನೆಯ ತಪಾಸಣೆಯ ಹೊತ್ತಿಗೆ ಯಾರೂ ನಗಲಿಲ್ಲ. ಬಂದ ಕಿಟ್ಟಿನಿಂದ ಒಂದು ಹಿಡಿ ಬೇಳೆಯನ್ನೂ ದೊಡ್ಡಮ್ಮ ತನಗೆಂದು ಇಟ್ಟುಕೊಂಡವಳಲ್ಲ. ಚೀಲ ಬಂದ ಹಾಗೇ ಒಳಮನೆಯ ಹೊಸಿಲ ಮೇಲೆ ಇಟ್ಟು ಬರುತ್ತಿದ್ದಳು. ಪದ್ಮ ಅದರಲ್ಲಿ ಅರ್ಧ ತೆಗೆದು ಮತ್ತೆ ಸೌದೆಕೋಣೆಯ ಬಾಗಿಲಲ್ಲಿಟ್ಟು ಹೋಗುವಳು. ಮೊದಲಾದರೆ ಇಂಥದಕ್ಕೆ ಒಂದು ಜಗಳವಾಗಿ, ಜಗಳ ನಗೆಯಾಗಿ ಮುಗಿಯುತ್ತಿತ್ತು. ಈಗ ಚೀಲ ಓಡಾಡಿತು, ಮಾತು ಓಡಾಡಲಿಲ್ಲ.

ಆ ದಿನಗಳಲ್ಲಿ ನಾನು ಇನ್ನೊಂದು ಸಂಗತಿ ಕಂಡೆ. ಊರಿಗೆಲ್ಲ ಅಳತೆ ಗೊತ್ತಿದ್ದ ಆ ಕೈಗೆ ಒಬ್ಬಳಿಗೆ ಮುದ್ದೆ ಮಾಡಲು ಬರುತ್ತಿರಲಿಲ್ಲ. ಎಸರು ಇಡುವಾಗಲೇ ಹೆಚ್ಚಾಗುತ್ತಿತ್ತು. ನಾಲ್ಕು ಮುದ್ದೆ ಕಟ್ಟಿ ತಟ್ಟೆಯಲ್ಲಿ ಸಾಲಾಗಿ ಇಟ್ಟು, ಆಮೇಲೆ ಎಚ್ಚೆತ್ತವಳ ಹಾಗೆ ನೋಡುವಳು. "ಥೂ, ಕೈ ಕೇಳಲ್ಲ ಕಣಮ್ಮ" ಅನ್ನುವಳು. ಉಳಿದದ್ದು ಬೀದಿನಾಯಿಗಳಿಗೆ. ಅಂಗಡಿಗಳು ತೆರೆದ ಮೇಲೆ ಮತ್ತೆ ಬಂಗಾರಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಚೈತ್ರ ಸಂಜೆ ಬಂದು ಮೊದಲು ದೊಡ್ಡಮ್ಮನಲ್ಲಿ ಉಂಡು, ಅಮ್ಮ ಬೇಜಾರು ಮಾಡಿಕೊಳ್ಳಬಾರದೆಂದು ಒಳಗೆ ಹೋಗಿ ಇನ್ನೊಂದು ಸಲ ಉಣ್ಣುತ್ತಿದ್ದಳು.

ಆಮೇಲೆ ರೈಲು ಬಿಟ್ಟರು. ವೆಂಕಟೇಶಪ್ಪ ಮತ್ತೆ ಕೆಲಸಕ್ಕೆ ಹೋದ. ಕಿಟ್ ನಿಂತಿತು, ಸಂಸ್ಥೆಯವರು ಬೇರೆ ಕಡೆ ಹೋದರು. ಇನ್ನೇನು, ಮೂರು ಕಲ್ಲು ಎತ್ತಿ ಬಿಸಾಕಿ ದೊಡ್ಡಮ್ಮ ಒಳಗೆ ಹೋಗಿರುತ್ತಾಳೆ ಎಂದುಕೊಂಡು ಒಂದು ತಿಂಗಳು ಬಿಟ್ಟು ಹೋದೆ. ಸೌದೆಕೋಣೆಯ ಹೆಂಚಿನ ಸಂದಿಯಿಂದ ಹೊಗೆ ಬರುತ್ತಿತ್ತು.

"ಯಾಕೆ ದೊಡ್ಡಮ್ಮ, ಇನ್ನೂ ಇಲ್ಲೇ?"

"ಕರೀಲಿ, ಓಗ್ತೀನಿ."

"ಯಾರು ಕರೀಬೇಕು? ನಿಮ್ಮನೇ ಅಲ್ವಾ ಅದು?"

"ಕೆಂಡ ಕೊಟ್ಟ ಕೈಯೇ ಕರೀಬೇಕು ಕಣಮ್ಮ. ನಾನಾಗೇ ಓಗಿ ಕೂತ್ಕೊಂಡ್ರೆ ಏನಂತಾರೆ? ಕಿಟ್ಟು ನಿಂತೋಯ್ತು, ಕೂಳಿಗೆ ಗತಿ ಇಲ್ದೆ ಬಂದ್ಳು ಅಂತಾರೆ. ಗಂಡ ಇಲ್ದೋಳು, ಮಕ್ಳಿಲ್ದೋಳು. ನಂಗೂ ಒಂಚೂರು ಮರ್ಯಾದೆ ಬ್ಯಾಡ್ವಾ?"

ಅಲ್ಲಿಂದ ಒಳಮನೆಗೆ ಹೋದೆ. ಪದ್ಮ ಒಲೆಯ ಮುಂದೆ ಕೂತು ಬೆವರುತ್ತಿದ್ದಳು. ಮುದ್ದೆ ಗಂಟುಗಂಟಾಗಿತ್ತು.

"ಅಕ್ಕನ್ನ ಕರೆಯೋದಲ್ವಾ ಪದ್ಮ?" ಎಂದು ಕೇಳಿದೆ. ಸಂಶೋಧಕಿಯ ದನಿಯಲ್ಲಿ, ಯಾವ ಕಡೆಯೂ ವಾಲದ ಹಾಗೆ.

"ನಾನಾ? ನಾನ್ಯಾವಳು ಮೇಡಂ ಕರೆಯಕ್ಕೆ? ಅಕ್ಕಂದೇ ಮನೆ. ಹಿರೇರು. ಅವರಾಗೇ ಆಚೆಗೆ ಓಗಿದ್ದು, ಅವರಾಗೇ ಒಳಗೆ ಬರ್ಬೇಕು. ನಾನು ಬಾ ಅಂದ್ರೆ, 'ನನ್ ಮನೆಗೆ ನನ್ನ ಕರೆಯಕ್ಕೆ ನೀನ್ಯಾರೇ' ಅನ್ನಲ್ವಾ? ಅವ್ರಿಗೆ ಅಲ್ಲೇ ನೆಮ್ಮದಿ ಅನ್ಸುತ್ತೆ. ನನ್ ಕಾಟ ಇಲ್ಲ."

ಅವಳು ಇವಳು ಕರೆಯಲಿ ಎಂದು, ಇವಳು ಅವಳೇ ಬರಲಿ ಎಂದು. ಸೌದೆಕೋಣೆಗೂ ಅಡುಗೆಮನೆಗೂ ಇಪ್ಪತ್ತು ಹೆಜ್ಜೆ. ಎರಡು ಮಾತೂ ನನ್ನ ನೋಟ್‌ಬುಕ್ಕಿನಲ್ಲಿ ಎದುರುಬದುರು ಪುಟಗಳಲ್ಲಿದ್ದವು. ಇವಳ ಮಾತು ಅವಳಿಗೆ, ಅವಳ ಮಾತು ಇವಳಿಗೆ ಹೇಳಿದ್ದರೆ ಐದು ನಿಮಿಷದ ಕೆಲಸ. ಹೇಳಲಿಲ್ಲ. ನೋಡುವವರು ನಡುವೆ ಕೈಹಾಕಬಾರದು, ಆಗುವುದನ್ನು ಆಗಲು ಬಿಡಬೇಕು ಎಂಬುದು ನಮಗೆ ಕಲಿಸಿದ ಪಾಠ. ಅದು ಬರೀ ನೆಪ. ನೆರವು ನಿಂತ ಮೇಲೂ ಉಳಿದುಕೊಂಡ ಎರಡನೆಯ ಒಲೆ ಎಂಬುದು ನನ್ನ ಪ್ರಬಂಧದ ಅತಿ ಒಳ್ಳೆಯ ಅಧ್ಯಾಯವಾಗುತ್ತಿತ್ತು, ನನ್ನ ಮಾರ್ಗದರ್ಶಕರು ಓದಿ ಬೆನ್ನು ತಟ್ಟಿದ್ದರು. ಆ ಒಲೆ ಆರಿಹೋಗುವುದು ನನಗೇ ಬೇಡವಾಗಿತ್ತೋ ಏನೋ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು. ಚೈತ್ರಳಿಗೆ ಬಂಗಾರಪೇಟೆಯ ಕಡೆಯ ಗಂಡು ಗೊತ್ತಾಯಿತು. ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ನಾನು ಸೌದೆಕೋಣೆಯಲ್ಲಿದ್ದೆ. ಪದ್ಮ, ವೆಂಕಟೇಶಪ್ಪ ಇಬ್ಬರೂ ಮಡಿ ಬಟ್ಟೆ ಉಟ್ಟುಕೊಂಡು, ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು, ಅಂಚಿಗೆ ಅರಿಶಿನ ಹಚ್ಚಿದ ಪತ್ರಿಕೆ ಇಟ್ಟುಕೊಂಡು ಬಂದರು. ದೇವರ ಮುಂದೆ ಇಟ್ಟ ಮೇಲೆ ಮೊದಲ ಪತ್ರಿಕೆ ಅಕ್ಕನಿಗೇ ಎಂದು ಪದ್ಮ ಹಟ ಹಿಡಿದಿದ್ದಳಂತೆ. ಬೇರೆ ಒಲೆಯವರನ್ನು ಪತ್ರಿಕೆ ಕೊಟ್ಟು ಕರೆಯದಿದ್ದರೆ ಆ ಕಡೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅಕ್ಕನ ಮರ್ಯಾದೆಗೆ ಒಂದು ಕೂದಲಷ್ಟೂ ಕಮ್ಮಿಯಾಗಬಾರದು ಎಂಬುದೊಂದೇ ಅವಳ ತಲೆಯಲ್ಲಿ.

"ಮಗೂ ಮದುವೆ ಅಕ್ಕ. ತಪ್ಪದೆ ಬರ್ಬೇಕು" ಅಂದಳು.

ದೊಡ್ಡಮ್ಮ ಎರಡು ಕೈಯಲ್ಲೂ ತಟ್ಟೆ ತೆಗೆದುಕೊಂಡಳು. ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡಳು. "ಬತ್ತೀನಿ" ಅಂದಳು. ಅವರು ಹೋದರು. ತಟ್ಟೆ ಕೆಳಗಿಟ್ಟು, ಪತ್ರಿಕೆ ನನ್ನ ಕಡೆ ನೂಕಿದಳು.

"ಓದು, ಏನು ಬರ್ದವ್ರೆ ನೋಡನ."

ಓದಿದೆ. ವಧೂವರರ ಹೆಸರು, ಮುಹೂರ್ತ, ಛತ್ರದ ವಿಳಾಸ. ತಾವು ಕುಟುಂಬ ಸಮೇತರಾಗಿ ಆಗಮಿಸಿ ಆಶೀರ್ವದಿಸಬೇಕೆಂದು ಕೋರುವ, ಎಂದು ಕೊನೆಗೆ.

"ಕುಟುಂಬ ಸಮೇತ" ಅಂದಳು. "ನಂಗ್ಯಾವ ಕುಟುಂಬ ಐತೆ ಅಂತ ಕರ್ಕೊಂಡೋಗ್ಲಮ್ಮಣ್ಣಿ?"

ಅವಳು ಅತ್ತದ್ದನ್ನು ಅವತ್ತೇ ನಾನು ನೋಡಿದ್ದು. ಸದ್ದಿಲ್ಲದೆ, ಹೆಗಲು ಮಾತ್ರ ಅಲ್ಲಾಡುತ್ತಿತ್ತು. "ಅದ್ರ ಉಚ್ಚೆ ಬಟ್ಟೆ ಒಗ್ದಿರೋ ಕೈ ಇದು. ಈ ಕೈಗೆ ಪತ್ರಿಕೆ ಕೊಟ್ರು ಕಣಮ್ಮ. ಮನೆ ಮಗಳ ಮದುವೆಗೆ ನಂಗೆ ಪತ್ರಿಕೆ ಕೊಟ್ರು." ಅವಳ ಅಂಗೈ ನನ್ನ ಮುಂದೆ ಬಿಚ್ಚಿತ್ತು. ನಾನು ಹಿಡಿದುಕೊಳ್ಳಬಹುದಾಗಿತ್ತು.

ಮದುವೆಗೆ ಬಂದಳು. ಬಂಗಾರಪೇಟೆಯ ಛತ್ರದಲ್ಲಿ ಹೆಣ್ಣಿನ ಕಡೆಯವರು ಮೇಲೆ ಕೆಳಗೆ ಓಡಾಡುತ್ತಿದ್ದಾಗ, ಪತ್ರಿಕೆ ಪಡೆದು ಬಂದ ನೆಂಟರ ಸಾಲಿನಲ್ಲಿ ಕೆಂಪು ಕುರ್ಚಿಯ ಮೇಲೆ, ಬಟ್ಟೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಡುಗೆಮನೆಯ ಕಡೆ ಒಮ್ಮೆಯೂ ಹೋಗಲಿಲ್ಲ. ಪದ್ಮ ಎರಡು ಸಲ ಅವಳ ಹತ್ತಿರ ಬಂದು ನಿಂತಳು. "ಊಟ ಆಯ್ತಾ ಅಕ್ಕ?" ಅಂದಳು. "ಆಯ್ತು" ಅಂದಳು ದೊಡ್ಡಮ್ಮ. ಅಷ್ಟೇ. ಧಾರೆಯ ನೀರು ಬಿದ್ದಾಗ ಚೈತ್ರ ತಲೆ ಎತ್ತಿ ಯಾರನ್ನೋ ಹುಡುಕುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು.

ಮದುವೆಯಾಗಿ ಸ್ವಲ್ಪ ದಿನಕ್ಕೆ ನನ್ನ ಕ್ಷೇತ್ರಕಾರ್ಯ ಮುಗಿಯಿತು. ಹೇಳಿಬರಲು ಹೋದೆ. ದೊಡ್ಡಮ್ಮ ಇಳಿದುಹೋಗಿದ್ದಳು. ಕುಪ್ಪಸದ ತೋಳು ಜೋತುಬಿದ್ದಿತ್ತು. ಹುಡುಗಿ ಗಂಡನ ಮನೆಗೆ ಹೋದ ಮೇಲೆ ಸೌದೆಕೋಣೆಗೆ ಬಂದು ಹೋಗುವವರೇ ಇರಲಿಲ್ಲ. ನನ್ನನ್ನು ಗೇಲಿಮಾಡಲಿಲ್ಲ, ಬರ್ಕೊ ಎನ್ನಲಿಲ್ಲ. ನಾನು ಎದ್ದಾಗ ಚೂಡಿದಾರದ ತುದಿ ಹಿಡಿದು ನಿಲ್ಲಿಸಿದಳು.

"ಒಂದು ಕೆಲ್ಸ ಮಾಡ್ತೀಯಾ?"

"ಹೇಳಿ ದೊಡ್ಡಮ್ಮ."

"ಪದ್ಮಿಗೆ ಒಂದು ಮಾತು ಏಳು. ನಾನು ಏಳ್ಕಳಿಸ್ದೆ ಅನ್ಬೇಡ. ನೀನೇ ಅಂದಂಗೆ ಅನ್ನು. 'ನಿಮ್ಮಕ್ಕನ್ನ ಒಂದ್ಸಲ ಬಾ ಅನ್ನು' ಅನ್ನು. ಜಾಸ್ತಿ ಬ್ಯಾಡ. ಒಂದ್ಸಲ. ನಾನು ಬತ್ತೀನಿ."

ಆ ಹೆಂಗಸು ಯಾರ ಮುಂದೆಯೂ ಏನನ್ನೂ ಬೇಡಿದವಳಲ್ಲ. ನನ್ನನ್ನು ಬೇಡಿದಳು.

"ಖಂಡಿತ ಹೇಳ್ತೀನಿ" ಅಂದೆ.

ಒಳಮನೆಯ ಬಾಗಿಲು ಚಿಲಕ ಹಾಕಿತ್ತು. ಪದ್ಮ ಡೇರಿಗೆ ಹೋಗಿದ್ದಳು. ಅರ್ಧ ಗಂಟೆ ಕಾದರೆ ಬರುತ್ತಿದ್ದಳು. ಡೇರಿ ನನ್ನ ದಾರಿಯಲ್ಲೇ ಇತ್ತು. ಕ್ಯಾನು ಹಿಡಿದ ಹೆಂಗಸರ ಸಾಲಿನಲ್ಲಿ ಅವಳು ನಿಂತದ್ದೂ ಕಾಣಿಸಿತು. ಇಷ್ಟು ಜನರ ಎದುರು ಇಂಥ ಮಾತು ಆಡುವುದು ಹೇಗೆ, ಇನ್ನೊಂದು ಸಲ ನಿಧಾನವಾಗಿ ಬಂದು ಕೂತು ಹೇಳಿದರಾಯಿತು ಎಂದುಕೊಂಡು ಕೈಯೆತ್ತಿ ನಕ್ಕು ಮುಂದೆ ಹೋದೆ. ಅವಳೂ ಕೈಯೆತ್ತಿದಳು.

ಇನ್ನೊಂದು ಸಲ ಎಂಬುದು ಬರಲಿಲ್ಲ. ಪ್ರಬಂಧ ಬರೆಯುವ ಗಡಿಬಿಡಿ. ಪದ್ಮನ ಫೋನ್ ನಂಬರು ನನ್ನ ಬಳಿ ಇತ್ತು. ಎಷ್ಟೋ ಸಲ ತೆಗೆದೆ, ಫೋನಿನಲ್ಲಿ ಆಡುವ ಮಾತಲ್ಲ ಇದು ಎಂದು ಇಟ್ಟೆ. ಹದಿನೇಳು ಎ ಬಗ್ಗೆ ಇಪ್ಪತ್ತೆರಡು ಪುಟ ಬರೆದು ಮುಗಿಸಿದೆ. ವೃತ್ತಿಯ ನಿಯಮದಂತೆ ಅದರಲ್ಲಿ ದೊಡ್ಡಮ್ಮನ ಹೆಸರನ್ನು ಬದಲಿಸಿದೆ.

ಚೈತ್ರ ಫೋನ್ ಮಾಡಿದಳು. ಮಾತಾಡಲಾಗದೆ ಬರೀ ದೊಡ್ಡಮ್ಮ, ದೊಡ್ಡಮ್ಮ ಎನ್ನುತ್ತಿದ್ದಳು. ಬೆಳಿಗ್ಗೆ ಹಾಲು ಕರೆಯಲು ಹೋದ ಪದ್ಮ, ಸೌದೆಕೋಣೆಯಲ್ಲಿ ಇಷ್ಟು ಹೊತ್ತಾದರೂ ಸದ್ದಿಲ್ಲವಲ್ಲ ಎಂದು ಬಾಗಿಲು ತಳ್ಳಿ ನೋಡಿದಳಂತೆ. ಮಲಗಿದಲ್ಲೇ ಹೋಗಿದ್ದಳು.

ನಾನು ಹೋದದ್ದು ಎಲ್ಲ ಮುಗಿದ ಮೇಲೆ, ಹನ್ನೆರಡನೆಯ ದಿನ. ನೆಂಟರು ಜಗುಲಿಯ ಮೇಲಿದ್ದರು. ಪದ್ಮ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಬರಿದೇ ಕೂತಿದ್ದಳು. ಪಕ್ಕದಲ್ಲಿ ಕೂತೆ. ಈಗ ಹೇಳಿ ಏನು ಪ್ರಯೋಜನ ಎನ್ನಿಸಿತು. ಹೇಳದೆ ಎದ್ದು ಬಂದರೆ ನಾನು ಮನುಷ್ಯಳೇ ಅಲ್ಲ ಎಂದೂ ಅನ್ನಿಸಿತು. ಹೇಳಿದೆ. ದೊಡ್ಡಮ್ಮನ ಮಾತಿನಲ್ಲೇ, ಒಂದಕ್ಷರ ಬಿಡದೆ.

ಪದ್ಮ ನನ್ನನ್ನೇ ನೋಡಿದಳು.

"ಯಾವಾಗ ಏಳಿದ್ರು?"

"ಮದುವೆ ಆದ ಮೇಲೆ. ನಾನು ಕೊನೇ ಸಲ ಬಂದಿದ್ನಲ್ಲ, ಆವತ್ತು."

"ನಾನು ಡೇರಿ ತಾವ ನಿಂತಿದ್ದೆ. ನೀವು ಕೈ ಎತ್ತಿದ್ರಿ."

"ಹೂಂ."

ಅವಳು ಹಸುವಿನ ಬೆನ್ನ ಮೇಲೆ ಕೈಯಿಟ್ಟಳು. "ದಿನಾ ಎರಡೊತ್ತು ಆಲು ಕರೆಯಕ್ಕೆ ಇಲ್ಲಿಗೇ ಬತ್ತಿದ್ದೆ ಮೇಡಂ. ಈ ಗೋಡೆ ಆಚೆ ಅಕ್ಕ. ಕೆಮ್ಮೋದು ಕೇಳ್ತಿತ್ತು, ಪಾತ್ರೆ ಸದ್ದು ಕೇಳ್ತಿತ್ತು. ಬಾ ಅಕ್ಕ ಅಂತ ಬಾಯಿಗೆ ಬರೋದು. ಬೈತಾರೇನೋ ಅಂತ ನುಂಗ್ಕೊತಿದ್ದೆ. ಬೈದಿದ್ರೆ ಏನಾಗ್ತಿತ್ತು? ಬೈಸ್ಕೊತಿದ್ದೆ." ಆಮೇಲೆ, ಸಿಟ್ಟಿಲ್ಲದೆ, ತಿಳಿಯದ್ದನ್ನು ಕೇಳುವವಳ ಹಾಗೆ ಕೇಳಿದಳು: "ಆವತ್ತೇ ಯಾಕ್ ಏಳ್ಲಿಲ್ಲ ಮೇಡಂ?"

ಮರೆತುಬಿಟ್ಟೆ ಪದ್ಮ ಎನ್ನಲು ಬಾಯಿ ತೆರೆದೆ. ನಾನು ಮರೆತಿರಲಿಲ್ಲ.